ಭಂಗಿ ಸೊಪ್ಪು ಮತ್ತು ಮಾವನ ಕೇಸ್ ಶೀಟು

ನಾನು ಯಾವುದರ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ ಎಂಬುದನ್ನು ಊರಲ್ಲಿ ಯಾರಿಗೂ ಪೂರ್ತಿ ಹೇಳಿಲ್ಲ. ಕೇಳಿದವರಿಗೆ ಅವ್ವ, "ಇತಿಹಾಸ ಓದಾಕತ್ತಾನ್ರಿ, ಬ್ರಿಟಿಷರ ಕಾಲದ್ದು" ಎಂದು ಹೇಳಿ ಮಾತು ತಿರುಗಿಸುತ್ತಾಳೆ. ಹಾಸ್ಟೆಲಿನಲ್ಲಿ ಮಾತ್ರ ಎಲ್ಲರಿಗೂ ಗೊತ್ತು. ಮೆಸ್ಸಿನಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತರೆ ಹಿಂದಿನಿಂದ ಯಾರಾದರೂ "ಫೀಲ್ಡ್ ವರ್ಕಿಗೆ ನಮ್ಮನ್ನೂ ಕರ್ಕೊಂಡು ಹೋಗಪ್ಪಾ" ಎನ್ನುತ್ತಾರೆ. ನಾನೂ ನಗುತ್ತೇನೆ. ನಾಲ್ಕು ವರ್ಷದಿಂದ ಅದೇ ಜೋಕು, ಅದೇ ನಗು.

ನನ್ನ ವಿಷಯ ಗಾಂಜಾ. ಸರಿಯಾಗಿ ಹೇಳಬೇಕೆಂದರೆ, 1893ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ 'ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್' ಎಂಬ ಆಯೋಗ ಮತ್ತು ಅದು ಕಲೆಹಾಕಿದ ವೈದ್ಯಕೀಯ ಸಾಕ್ಷ್ಯಗಳು. ಏಳು ಸಂಪುಟ, ಮೂರು ಸಾವಿರಕ್ಕೂ ಹೆಚ್ಚು ಪುಟ, 1,193 ಸಾಕ್ಷಿಗಳು. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದವರು ಇದನ್ನೆಲ್ಲ ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಇಟ್ಟಿರುವುದರಿಂದ ನನ್ನಂಥವನು ಲಂಡನ್ನಿಗೆ ಹೋಗದೆಯೂ ಹಾಸ್ಟೆಲಿನ ಮಂಚದ ಮೇಲೆ ಕೂತು ಓದಬಹುದು. ಹಾಗೆ ಓದುತ್ತಾ ಓದುತ್ತಾ ಕಳೆದ ವರ್ಷ ಒಂದು ರಾತ್ರಿ ಒಂದು ಅಧ್ಯಾಯಕ್ಕೆ ಬಂದು ನಿಂತೆ. ಮುಂದಕ್ಕೆ ಓದಲು ಆಗಲಿಲ್ಲ. ಅದಕ್ಕೆ ಕಾರಣ ನನ್ನ ಸೋದರಮಾವ. ಅವನ ಮಾತು ಆಮೇಲೆ ಬರುತ್ತದೆ.

ಮೊದಲು ಈ ಗಿಡದ ಹೆಸರಿನ ಗೊಂದಲ. ಪ್ರಬಂಧದ ಸಾರಾಂಶವನ್ನು ಕನ್ನಡದಲ್ಲಿ ಬರೆದುಕೊಡಿ ಎಂದು ಗೈಡ್ ಕೇಳಿದಾಗ ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ಹೆಂಪ್ ಎಂದರೆ ಏನು? ನಿಘಂಟು ಸೆಣಬು ಎನ್ನುತ್ತದೆ. ನಮ್ಮ ಕಡೆ ಸೆಣಬು ಎಂದರೆ ಹೊಲಕ್ಕೆ ಹಸಿರುಗೊಬ್ಬರವಾಗಿ ಬಿತ್ತುವ, ಹಗ್ಗ ಹೊಸೆಯುವ ಹಳದಿ ಹೂವಿನ ಗಿಡ. ಪೇಟೆಯಲ್ಲಿ ಸೆಣಬಿನ ಚೀಲವೆಂದರೆ ಬಂಗಾಳದ ಜೂಟು. ಇನ್ನು ಇಂಗ್ಲಿಷರು 'ಡೆಕ್ಕನ್ ಹೆಂಪ್' ಎಂದು ಕರೆದದ್ದು ನಮ್ಮ ಪುಂಡಿಯನ್ನು! ಎಲೆಯ ಆಕಾರ ಗಾಂಜಾ ಎಲೆಯ ಹಾಗಿದೆ ಎಂಬ ಕಾರಣಕ್ಕೆ ಲಿನೇಯಸ್ ಅದಕ್ಕೆ 'ಹೈಬಿಸ್ಕಸ್ ಕನಾಬಿನಸ್' ಎಂದು ಹೆಸರಿಟ್ಟ. ಜೋಳದ ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಂಡು ಬೆಳೆದ ನಾನು ಹುಟ್ಟಿದಾಗಿನಿಂದ ಕನಾಬಿನಸ್ ತಿನ್ನುತ್ತಿದ್ದೇನೆ ಎಂಬುದು ಎಂ.ಎ. ಮುಗಿಸಿದ ಮೇಲೆ ಗೊತ್ತಾಯಿತು. ನಾರಿಗೆ ಬೆಳೆಯುವ ಈ ಗಿಡಗಳಲ್ಲಿ ಒಂದಕ್ಕೂ ನಶೆಗೂ ಸಂಬಂಧವಿಲ್ಲ. ಹಡಗಿನ ಹಗ್ಗ, ಹಾಯಿಪಟಗಳಿಗಾಗಿ ನಾರು ಹುಡುಕುತ್ತಿದ್ದ ಕಂಪನಿ ಸರ್ಕಾರಕ್ಕೆ ನಾರು ಕೊಡುವುದೆಲ್ಲ 'ಹೆಂಪ್' ಆಗಿ ಕಂಡಿತು, ಅಷ್ಟೆ.

ನಶೆಯ ಗಿಡಕ್ಕೆ ನಮ್ಮಲ್ಲಿ ಬೇರೆಯೇ ಮಾತಿದೆ: ಭಂಗಿ. ಭಂಗಿ ಸೊಪ್ಪು, ಭಂಗಿ ಸೇದುವುದು. ಫೋಟೋಗೆ ನಿಲ್ಲುವ ಭಂಗಿಯೂ ಅದೇ ಅಕ್ಷರ, ಮಾನಭಂಗದ ಭಂಗವೂ ಹತ್ತಿರದ್ದೇ. ಬಾಲ್ಯದಲ್ಲಿ ಯೋಗಾಸನದ ಚಾರ್ಟಿನಲ್ಲಿ 'ಭಂಗಿಗಳು' ಎಂಬ ಪದ ಓದಿ ನಾವು ಹುಡುಗರು ಮುಸಿಮುಸಿ ನಕ್ಕದ್ದು ನೆನಪಿದೆ. ನಮ್ಮೂರು ಸುರಪುರ ಸೀಮೆಯದು, ತಿಂಥಣಿಗೆ ದೂರವಲ್ಲ. ಕೃಷ್ಣೆಯ ದಂಡೆಯ ಮೇಲೆ ಮೋನಪ್ಪಯ್ಯನ ಗುಡಿ. ಜನವರಿಯ ಹೊತ್ತಿಗೆ ನಡೆಯುವ ಜಾತ್ರೆಗೆ ಹಿಂದೂ ಮುಸ್ಲಿಮರೆನ್ನದೆ ಜನ ಬರುತ್ತಾರೆ, ಕೆಲವು ಭಕ್ತರು ಗಾಂಜಾವನ್ನು ಪ್ರಸಾದವೆಂದು ಸೇದುತ್ತಾರೆ. ಇದನ್ನು 2020ರಲ್ಲಿ ಇಂಗ್ಲಿಷ್ ಪತ್ರಿಕೆಗಳು ದೊಡ್ಡ ಸೋಜಿಗವೆಂಬಂತೆ ಬರೆದವು. ನಮಗದು ಸೋಜಿಗವಲ್ಲ. ನಮ್ಮಲ್ಲಿ ಅಮಾವಾಸ್ಯೆಯ ಭಜನೆಗೆ ಕೂತವರ ನಡುವೆ ಒಂದು ಚಿಲುಮೆ ಸುತ್ತು ಬರುವುದನ್ನು ಹೆಂಗಸರೂ ಮಕ್ಕಳೂ ನೋಡಿರುತ್ತಾರೆ, ನೋಡದವರ ಹಾಗೆ ಇರುತ್ತಾರೆ. ತತ್ವಪದದವರಿಗೆ ಹೊಗೆಯ ರೂಪಕ ಹೊಸದೇನೂ ಅಲ್ಲವಲ್ಲ, ಶಿಶುನಾಳ ಶರೀಫರು ಗುಡುಗುಡಿಯ ಮೇಲೆಯೇ ಪದ ಕಟ್ಟಿದ್ದಾರೆ.

ಹಳೆಯ ಗ್ರಂಥಗಳ ವಿಚಾರವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅಲ್ಲಿ ಹೆಮ್ಮೆ ಪಡುವವರು ಬಹಳ, ಓದಿದವರು ಕಡಿಮೆ. ಅಥರ್ವವೇದದ ಹನ್ನೊಂದನೆಯ ಕಾಂಡದಲ್ಲಿ, ಕಷ್ಟದಿಂದ ಪಾರುಮಾಡಿ ಎಂದು ಬೇಡಿಕೊಳ್ಳುವ ಗಿಡಗಳ ಸಾಲಿನಲ್ಲಿ ಭಂಗದ ಹೆಸರಿದೆ. ಆ ಭಂಗ ಇಂದಿನ ಭಂಗಿಯೇ ಹೌದೋ ಅಲ್ಲವೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಮಧ್ಯಯುಗದ ಶಾರ್ಙ್ಗಧರ ಸಂಹಿತೆಗೆ ಬಂದರೆ ಅನುಮಾನ ಉಳಿಯುವುದಿಲ್ಲ. ಜೀರ್ಣವಾಗುವ ಮೊದಲೇ ಮೈಯೆಲ್ಲ ವ್ಯಾಪಿಸುವ ದ್ರವ್ಯಕ್ಕೆ ಅದು ಕೊಡುವ ಉದಾಹರಣೆ ಭಂಗಿ ಮತ್ತು ಅಫೀಮು. ಆಯುರ್ವೇದದವರು ಇದನ್ನು ವಿಜಯಾ ಎಂದು ಕರೆದು ಗ್ರಹಣಿ, ಅಜೀರ್ಣದಂಥ ಹೊಟ್ಟೆಯ ಕಾಯಿಲೆಗಳಿಗೆ ಬಳಸುತ್ತ ಬಂದರು. ಜಾತಿಫಲಾದಿ ಚೂರ್ಣದಲ್ಲಿ ಅದು ಇಂದಿಗೂ ಉಂಟು. ಗೋವೆಯಲ್ಲಿ ನೆಲೆಸಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ 'ಬಾಂಗೆ'ಗೆ ಒಂದು ಸಂವಾದವನ್ನೇ ಮೀಸಲಿಟ್ಟಿದ್ದಾನೆ. ಗುಜರಾತಿನ ಸುಲ್ತಾನ ಬಹಾದೂರ್ ಶಾಹನ ಕಥೆ ಬರುವುದು ಅಲ್ಲೇ. ರಾತ್ರಿ ಹೊತ್ತು ಪೋರ್ಚುಗಲ್ಲಿಗೋ ಬ್ರೆಜಿಲಿಗೋ ತುರ್ಕಿಗೋ ಹೋಗಿಬರಬೇಕೆನಿಸಿದರೆ ತಾನು ಒಂದಿಷ್ಟು ಭಂಗಿ ತಿಂದರೆ ಸಾಕು ಎಂದು ಅವನು ಪೋರ್ಚುಗೀಸ್ ಅಧಿಕಾರಿಯೊಬ್ಬನಿಗೆ ಹೇಳಿದ್ದನಂತೆ. ಪಾಸ್‌ಪೋರ್ಟ್ ಇಲ್ಲದ ನನಗೆ ಆ ಸುಲ್ತಾನನ ಮೇಲೆ ವಿಶೇಷ ಪ್ರೀತಿ.

ನಾನು ನಿಜಕ್ಕೂ ಬಹಳ ದಿನ ಕಳೆದದ್ದು ಒಬ್ಬ ಐರಿಷ್ ಡಾಕ್ಟರನ ಜೊತೆ. ವಿಲಿಯಂ ಬ್ರೂಕ್ ಓ'ಶಾನೆಸಿ. ಲಿಮರಿಕ್‌ನವನು. 1833ರಲ್ಲಿ, ಇನ್ನೂ ಇಪ್ಪತ್ತೈದು ತುಂಬುವ ಮೊದಲು ಕಲ್ಕತ್ತೆಗೆ ಬಂದ. ಅಲ್ಲಿ ಹೊಸದಾಗಿ ಶುರುವಾದ ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಮತ್ತು ಔಷಧಶಾಸ್ತ್ರದ ಪಾಠ ಹೇಳುತ್ತಿದ್ದ. ಬೀದಿಯಲ್ಲಿ ಎಲ್ಲರೂ ಬಳಸುವ, ತನ್ನ ಪುಸ್ತಕಗಳಲ್ಲಿ ಮಾತ್ರ ಇಲ್ಲದ ಈ ಗಿಡದ ಮೇಲೆ ಅವನಿಗೆ ಕುತೂಹಲ ಹುಟ್ಟಿತು. ಅವನು ಮೊದಲು ಮಾಡಿದ ಕೆಲಸ ಕೇಳುವುದು. ಪಂಡಿತ ಮಧುಸೂದನ ಗುಪ್ತ, ಕಮಲಾಕಾಂತ ವಿದ್ಯಾಲಂಕಾರ, ಸೈಯದ್ ಕರಾಮತ್ ಅಲಿ, ಹೀಗೆ ಸಂಸ್ಕೃತ, ಪಾರಸಿ ಬಲ್ಲವರನ್ನು ಕೇಳಿ ಬರೆದುಕೊಂಡ, ಬರೆದದ್ದರಲ್ಲಿ ಅವರ ಹೆಸರನ್ನೂ ಹಾಕಿದ. ಆಮೇಲೆ ನಾಯಿಯೇ ಮೊದಲಾದ ಪ್ರಾಣಿಗಳಿಗೆ ಕೊಟ್ಟು ನೋಡಿದ. ಆಮೇಲೆಯೇ ಮನುಷ್ಯರಿಗೆ. 1839ರಲ್ಲಿ ಇದೆಲ್ಲವನ್ನೂ ಪ್ರಕಟಿಸಿದ.

ಆ ಪ್ರಬಂಧದಲ್ಲಿ ಒಬ್ಬ ಸಂಧಿವಾತದ ರೋಗಿಯಿದ್ದಾನೆ. ಮಧ್ಯಾಹ್ನ ಎರಡು ಗಂಟೆಗೆ ಅವನಿಗೆ ಒಂದು ಗ್ರೇನ್‌ನಷ್ಟು ಗಾಂಜಾದ ಅಂಟು ಕೊಟ್ಟರು. ನಾಲ್ಕಕ್ಕೆ ಅವನು ವಿಪರೀತ ಮಾತಾಡತೊಡಗಿದ, ಹಾಡಿದ, ಊಟ ಇನ್ನಷ್ಟು ತನ್ನಿ ಎಂದ. ಆರಕ್ಕೆ ನಿದ್ದೆ. ಎಂಟಕ್ಕೆ ಡಾಕ್ಟರಿಗೆ ಕರೆ ಬಂತು. ಹೋಗಿ ನೋಡಿದರೆ ಎಚ್ಚರವಿಲ್ಲ, ಆದರೆ ಉಸಿರು, ನಾಡಿ ಸರಿಯಾಗಿವೆ. ಕೈ ಎತ್ತಿ ಬಿಟ್ಟರೆ ಎತ್ತಿದ ಹಾಗೆಯೇ ನಿಲ್ಲುತ್ತದೆ. ಎತ್ತಿ ಕೂರಿಸಿ, ಹೇಗೆ ತಿರುಗಿಸಿದರೆ ಹಾಗೆ. ವಾರ್ಡಿನಲ್ಲಿ ಗಲಾಟೆ. ಅದೇ ಮದ್ದು ಕುಡಿದಿದ್ದ ಇನ್ನೊಬ್ಬ ರೋಗಿ ಇದನ್ನೆಲ್ಲ ನೋಡಿ ಬಿದ್ದು ಬಿದ್ದು ನಕ್ಕ. ಬೆಳಗಾಗುವ ಹೊತ್ತಿಗೆ ಎಲ್ಲ ಇಳಿದಿತ್ತು. ಕನ್ನಡದಲ್ಲಿ ಓದುವವನಿಗೆ ಇದು ಭಂಗಿಯ ಎರಡೂ ಅರ್ಥ ಒಂದೇ ಮೈಯಲ್ಲಿ ಕೂಡಿದ ಹಾಗೆ. ಓ'ಶಾನೆಸಿಗೆ ಈ ತಮಾಷೆ ಗೊತ್ತಾಗುವ ಹಾಗಿರಲಿಲ್ಲ, ಪಾಪ.

ಆದರೆ ನನ್ನನ್ನು ಹಿಡಿದದ್ದು ಬೇರೆ ಎರಡು ಪ್ರಸಂಗ. ಒಂದು, ಹುಚ್ಚುನಾಯಿ ಕಡಿದು ನೀರು ಕಂಡರೆ ಬೆಚ್ಚುತ್ತಿದ್ದ ಮನುಷ್ಯನದು. ಬದುಕುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಗಾಂಜಾ ಕೊಟ್ಟ ಮೇಲೆ ಅವನು ಕಿತ್ತಳೆಯ ರಸ ಹೀರುವಂತಾದ. ಸತ್ತ, ಆದರೆ ಆ ಸಂಕಟ ಇಳಿದಿತ್ತು. ಗುಣಪಡಿಸಲಾಗದಿದ್ದರೂ ಸಾವನ್ನು ಸಹ್ಯ ಮಾಡುವುದು ವೈದ್ಯನ ಕೆಲಸವೇ ಎಂಬ ಅರ್ಥದ ಮಾತನ್ನು ಅವನು ಅಲ್ಲಿ ಬರೆಯುತ್ತಾನೆ. ಇನ್ನೊಂದು, 40 ದಿನದ ಹೆಣ್ಣುಮಗು. ಬಿಡದೆ ಸೆಳೆತ. ಬೇರೆಲ್ಲ ಉಪಾಯ ಮುಗಿದ ಮೇಲೆ ಗಾಂಜಾದ ಟಿಂಚರನ್ನು ಹನಿ ಹನಿಯಾಗಿ ಕೊಟ್ಟ. ಮಗು ಬದುಕಿತು. ಸುಮಾರು 180 ವರ್ಷಗಳ ನಂತರ, 2018ರಲ್ಲಿ, ಇದೇ ಗಿಡದಿಂದ ತೆಗೆದ ಕ್ಯಾನಬಿಡಯಾಲ್ ಎಂಬ ಅಂಶದ ಔಷಧಿಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು, ಮಕ್ಕಳಿಗೆ ಬರುವ ಎರಡು ಬಗೆಯ ಕಠಿಣ ಮೂರ್ಛೆರೋಗಕ್ಕೆ. ನಡುವಿನ ಇಷ್ಟು ವರ್ಷ ಏನಾಗಿತ್ತು ಎಂದು ಕೇಳಿದರೆ ಉತ್ತರ ಅರ್ಧ ರಸಾಯನಶಾಸ್ತ್ರದ್ದು, ಅರ್ಧ ರಾಜಕಾರಣದ್ದು. ಗಾಂಜಾದ ಅಂಟು ನೀರಿನಲ್ಲಿ ಕರಗುವುದಿಲ್ಲ, ಸೂಜಿಯಲ್ಲಿ ಚುಚ್ಚಲಾಗುವುದಿಲ್ಲ. ಒಂದು ಸೀಸೆಯ ಬಲ ಇನ್ನೊಂದಕ್ಕಿಲ್ಲ. ಮಾರ್ಫಿನ್ ಸೂಜಿ ಬಂತು, ಆಸ್ಪಿರಿನ್ ಬಂತು, ಟಿಂಚರು ಮೂಲೆ ಸೇರಿತು. ಅಷ್ಟರಲ್ಲಿ ಓ'ಶಾನೆಸಿ ಔಷಧಿ ಬಿಟ್ಟು ಹಿಂದೂಸ್ತಾನಕ್ಕೆಲ್ಲ ಟೆಲಿಗ್ರಾಫ್ ತಂತಿ ಎಳೆಸುತ್ತಿದ್ದ. ಸರ್ ಪದವಿ ಬಂದದ್ದೂ ತಂತಿಗೇ.

ಇನ್ನು ಆಯೋಗ. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ವಿಲಿಯಂ ಕೇಯ್ನ್ ಎಂಬ ಪಾನನಿರೋಧವಾದಿ ಸದಸ್ಯ 1893ರ ಮಾರ್ಚಿನಲ್ಲಿ ಒಂದು ಪ್ರಶ್ನೆ ಎತ್ತಿದ. ಬಂಗಾಳದ ಗಾಂಜಾ ಬೆಳೆ, ಮಾರಾಟ, ಅದರಿಂದ ಜನರ ಮೇಲಾಗುವ ಪರಿಣಾಮಗಳ ಬಗ್ಗೆ ವಿಚಾರಣೆಯಾಗಲಿ ಎಂದು. ಸರ್ಕಾರ ಅದನ್ನು ಇಡೀ ಬ್ರಿಟಿಷ್ ಇಂಡಿಯಾಕ್ಕೆ ವಿಸ್ತರಿಸಿತು. ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷ. ಏಳು ಸದಸ್ಯರಲ್ಲಿ ಮೂವರು ಭಾರತೀಯರು. ಎಪ್ಪತ್ತು ಪ್ರಶ್ನೆಗಳ ಒಂದು ಪಟ್ಟಿ ಮಾಡಿ ಕಲೆಕ್ಟರು, ಸಿವಿಲ್ ಸರ್ಜನ್ನು, ವೈದ್ಯ, ಹಕೀಮ, ಮಿಷನರಿ, ಜಮೀನುದಾರ, ಅಂಗಡಿಕಾರ ಎಲ್ಲರಿಗೂ ಕಳಿಸಿದರು. ಏಳನೆಯ ಸಂಪುಟದಲ್ಲಿ ಮುಂಬಯಿ ಪ್ರಾಂತ್ಯ ಮತ್ತು ಕೊಡಗಿನ ಸಾಕ್ಷ್ಯಗಳಿವೆ. ಧಾರವಾಡ, ವಿಜಾಪುರ, ಬೆಳಗಾವಿಗಳು ಆಗ ಮುಂಬಯಿಗೆ ಸೇರಿದ್ದವು. ನಮ್ಮೂರು ಮಾತ್ರ ನಿಜಾಮರ ಸೀಮೆ. ನಮ್ಮ ಹೊಲಗಳನ್ನು ದಾಟಿ ಪಡುವಣಕ್ಕೆ ನಡೆದರೆ ವಿಜಾಪುರ ಜಿಲ್ಲೆ. ಅಲ್ಲಿನವರನ್ನು ಆಯೋಗ ಕೇಳಿತು, ನಮ್ಮವರನ್ನಲ್ಲ. ಒಂದೇ ಭಜನೆ, ಒಂದೇ ಚಿಲುಮೆ, ಗಡಿ ಮಾತ್ರ ಬೇರೆ.

ಆಯೋಗದ ತೀರ್ಮಾನವನ್ನು ಈಗ ಗಾಂಜಾಪರರು ಎಲ್ಲೆಡೆ ಉದ್ಧರಿಸುತ್ತಾರೆ: ಮಿತವಾಗಿ ಬಳಸಿದರೆ ಹೇಳಿಕೊಳ್ಳುವಂಥ ಕೆಡುಕಿಲ್ಲ, ಪೂರ್ತಿ ನಿಷೇಧ ಬೇಕಿಲ್ಲ, ತೆರಿಗೆ ಹಾಕಿ, ಲೈಸೆನ್ಸ್ ಕೊಟ್ಟು ಹದ್ದುಬಸ್ತಿನಲ್ಲಿಡಿ. ಇದನ್ನು ಓದಿ ಬ್ರಿಟಿಷರ ಉದಾರತೆಗೆ ಕೈಮುಗಿಯುವವರು ಎರಡು ಸಂಗತಿ ಮರೆಯುತ್ತಾರೆ. ಒಂದು, ಗಾಂಜಾದ ಅಬಕಾರಿ ಸುಂಕದಿಂದ ಸರ್ಕಾರಕ್ಕೆ ಒಳ್ಳೆಯ ವರಮಾನವಿತ್ತು. ಇನ್ನೊಂದು, ಮೂವರು ಭಾರತೀಯ ಸದಸ್ಯರಲ್ಲಿ ಇಬ್ಬರು, ರಾಜಾ ಶಶಿಶೇಖರೇಶ್ವರ ರಾಯ್ ಮತ್ತು ಲಾಲಾ ನಿಹಾಲ್ ಚಂದ್, ಒಪ್ಪದೆ ಭಿನ್ನಮತ ಬರೆದಿಟ್ಟರು. ಹಾಗಂತ ವರದಿ ಬರೀ ವರಮಾನದ ವಕೀಲಿಕೆಯೂ ಅಲ್ಲ. ಅವರು ನಿಜಕ್ಕೂ ಬೆವರು ಸುರಿಸಿದ ಒಂದು ಜಾಗವಿದೆ. ನಾನು ಆ ರಾತ್ರಿ ಓದಲಾರದೆ ನಿಂತ ಅಧ್ಯಾಯ ಅದು.

ಹುಚ್ಚಾಸ್ಪತ್ರೆಗಳ ಅಧ್ಯಾಯ. ಗಾಂಜಾ ಸೇದಿದರೆ ಹುಚ್ಚು ಹಿಡಿಯುತ್ತದೆ ಎಂಬುದಕ್ಕೆ ಆಗ ಇದ್ದ ದೊಡ್ಡ ಆಧಾರವೆಂದರೆ ಈ ಆಸ್ಪತ್ರೆಗಳ ವಾರ್ಷಿಕ ಲೆಕ್ಕ. ಧಾರವಾಡದ ಹುಚ್ಚಾಸ್ಪತ್ರೆಯೂ ಸೇರಿ ಎಲ್ಲ ಕಡೆಯ 1892ರ ದಾಖಲಾತಿಗಳನ್ನು ಆಯೋಗ ತರಿಸಿಕೊಂಡಿತು. ಆ ವರ್ಷ ಸೇರಿದವರು 1,344 ಜನ. ಅವರಲ್ಲಿ 222 ಮಂದಿಗೆ ಹುಚ್ಚಿನ ಕಾರಣ ಭಂಗಿ, ಗಾಂಜಾ ಎಂದು ಬರೆದಿತ್ತು. ಆಯೋಗ ಆ ಒಂದೊಂದು ಕೇಸನ್ನೂ ಊರಿಗೆ ವಾಪಸು ಕಳಿಸಿ ಸಂಬಂಧಿಕರನ್ನು, ನೆರೆಯವರನ್ನು ಮತ್ತೆ ವಿಚಾರಿಸಲು ಹೇಳಿತು. ಆಗ ಗೊತ್ತಾದದ್ದು, ಆ ಕಾರಣ ಹುಟ್ಟಿದ್ದು ಡಾಕ್ಟರ ತಪಾಸಣೆಯಿಂದಲ್ಲ ಎಂಬುದು. ರೋಗಿಯನ್ನು ಪೊಲೀಸರು ಹಿಡಿದು ತರುತ್ತಿದ್ದರು. ಜೊತೆಗೆ ಒಂದು ಅಚ್ಚಾದ ಫಾರ್ಮು. ಅದರಲ್ಲಿ 'ಕಾರಣ' ಎಂಬ ಕಾಲಂ. ಖಾಲಿ ಬಿಡುವ ಹಾಗಿಲ್ಲ. ರೋಗಿ ಸೇದುತ್ತಿದ್ದ ಎಂದು ಯಾರೋ ಹೇಳಿದರೆ ಸಾಕು, ಅದೇ ಕಾರಣ. ಒಮ್ಮೆ ಬರೆದರೆ ಆಸ್ಪತ್ರೆಯ ರಿಜಿಸ್ಟರಿಗೆ, ರಿಜಿಸ್ಟರಿನಿಂದ ವಾರ್ಷಿಕ ವರದಿಗೆ, ವರದಿಯಿಂದ ಪಾರ್ಲಿಮೆಂಟಿಗೆ. ಮರುವಿಚಾರಣೆಯ ನಂತರ 222ರಲ್ಲಿ ಉಳಿದದ್ದು 98. ಅದರಲ್ಲೂ ಗಾಂಜಾ ಒಂದೇ ಕಾರಣವೆನ್ನಬಹುದಾದವು 61, ಬೇರೆ ಕಾರಣಗಳ ಜೊತೆ ಗಾಂಜಾವೂ ಸೇರಿದ್ದು 37.

ಉಳಿದ 124 ಮಂದಿ?

2014ರಲ್ಲಿ ನಾನು ಪಿಯುಸಿಯಲ್ಲಿದ್ದೆ. ನಮ್ಮ ಮನೆಯಲ್ಲಿ ಇಂಗ್ಲಿಷ್ ಫಾರ್ಮು ತುಂಬಬಲ್ಲವನು ನಾನೊಬ್ಬನೇ. ಅವ್ವನ ತಮ್ಮ, ನನ್ನ ಮಾವ, ವಾರದಿಂದ ಊಟ ಬಿಟ್ಟಿದ್ದ. ಬೆಳೆದ ತೊಗರಿಯಲ್ಲಿ ಯಾರೋ ವಿಷ ಬೆರೆಸಿದ್ದಾರೆ ಎನ್ನುತ್ತಿದ್ದ, ಗೋಡೆಯ ಕಡೆ ಮುಖ ಮಾಡಿ ಯಾರಿಗೋ ಉತ್ತರ ಕೊಡುತ್ತಿದ್ದ. ನಾನು, ಅವ್ವ, ಊರಿನ ಇಬ್ಬರು ಸೇರಿ ಟಂಟಂನಲ್ಲಿ ಅವನನ್ನು ಕೂರಿಸಿಕೊಂಡು ದೊಡ್ಡಾಸ್ಪತ್ರೆಗೆ ಹೋದೆವು. ಯಾವ ಆಸ್ಪತ್ರೆ ಎಂಬುದು ಮುಖ್ಯವಲ್ಲ, ಅವತ್ತು ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಯ ಆಚೆ ಕೂತವರು ಹೆಸರು, ವಯಸ್ಸು, ಊರು ಬರೆದುಕೊಂಡು, "ಏನರೆ ಚಟ ಅದಾವೇನು?" ಎಂದರು. ಅವ್ವ ನೆಲ ನೋಡಿದಳು. ನಾನು ಹೇಳಿದೆ: "ಗಾಂಜಾ ಸೇದ್ತಾನ್ರಿ."

ಆಮೇಲೆ ಯಾರೂ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಎಷ್ಟು ದಿನದಿಂದ, ಮೊದಲು ನಿದ್ದೆ ಕೆಟ್ಟಿತೋ ಮೊದಲು ಚಿಲುಮೆಯೋ, ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತೋ, ಏನೂ ಇಲ್ಲ. ಒಳಗೆ ಹೋದಾಗ ಡಾಕ್ಟರು ಚೀಟಿ ನೋಡಿ ತಲೆಯಾಡಿಸಿದರು. ಕೇಸ್ ಶೀಟಿನಲ್ಲಿ ಇಂಗ್ಲಿಷಿನಲ್ಲಿ ಬರೆದದ್ದನ್ನು ನಾನೇ ಓದಿ ಅವ್ವನಿಗೆ ಹೇಳಿದೆ: ಗಾಂಜಾದಿಂದ ಬಂದ ಹುಚ್ಚು. ಅವ್ವನ ಮುಖದಲ್ಲಿ ಒಂದು ತರಹದ ನಿರಾಳ ಕಂಡಿತು. ದೆವ್ವ ಅಲ್ಲ, ಮಾಟ ಅಲ್ಲ, ಚಟ. ಬಿಟ್ಟರೆ ಹೋಗುತ್ತದೆ.

ಮಾವ ಬಿಟ್ಟ. ನಲವತ್ತು ದಿನ ಒಂದು ಬಿಡಿಸುವ ಕೇಂದ್ರದಲ್ಲಿ ಇಟ್ಟಿದ್ದೆವು. ಮನೆಗೆ ಬಂದ ಮೇಲೆ ಭಜನೆಗೂ ಕಳಿಸಲಿಲ್ಲ. ಗಾಂಜಾ ಬಿಟ್ಟನಲ್ಲ, ಇನ್ನು ಗುಳಿಗೆ ಯಾಕೆ ಎಂದು ನಾಲ್ಕು ತಿಂಗಳಿಗೆ ಗುಳಿಗೆಯನ್ನೂ ನಿಲ್ಲಿಸಿದೆವು. ಹಾಗೆ ಹೇಳಿದವನೂ ನಾನೇ ಇರಬೇಕು, ಓದಿದವನಲ್ಲವೇ. ಅತ್ತಿ ಅಷ್ಟರಲ್ಲಿ ಕೂಸನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಗಾಂಜಾ ಸೇದುವವನ ಜೊತೆ ಮಗಳನ್ನು ಬಿಡುವುದಿಲ್ಲ ಎಂದು ಅವರಪ್ಪ ಪಂಚರ ಮುಂದೆ ಹೇಳಿದರು. ಮರುವರ್ಷ ಒಂದು ಬೀಡಿ ಕೂಡ ಸೇದದೆ ಇರುವಾಗ ಮಾವನಿಗೆ ಮತ್ತೆ ಶುರುವಾಯಿತು. ಊರವರು, ಕದ್ದು ಸೇದುತ್ತಾನೆ ಎಂದರು. ನಾವೂ ನಂಬಿ ಅವನ ಹಾಸಿಗೆ ಜಾಡಿಸಿದೆವು, ಜೇಬು ತಡಕಿದೆವು. ಒಂದು ದಿನ ಅವನು ಇರಲಿಲ್ಲ. ಮೂರು ವಾರದ ಮೇಲೆ ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರಂ ಮೇಲೆ ಸಿಕ್ಕ. ಕಾಲಿಗೆ ಹುಳ ಬಿದ್ದಿತ್ತು.

ಇನ್ನೊಂದು ಊರಿನ, ಇನ್ನೊಬ್ಬ ಡಾಕ್ಟರು ಅವನನ್ನು ಒಂದು ತಾಸು ಕೂರಿಸಿಕೊಂಡು ಮಾತಾಡಿಸಿ ಸ್ಕಿಜೋಫ್ರೇನಿಯಾ ಎಂದು ಹೇಳಿದ್ದು 2017ರಲ್ಲಿ. ಮೂರು ವರ್ಷ.

ಹೆಂಪ್ ಕಮಿಷನ್ನಿನ ಆ ಪುಟಗಳನ್ನು ಓದಿದ ಮೇಲೆ ಯುಗಾದಿಗೆ ಊರಿಗೆ ಹೋದೆ. ಬ್ಯಾಗಿನಲ್ಲಿ ಆ ಪಟ್ಟಿಯ ಪ್ರಿಂಟ್ ಇತ್ತು, ಯಾಕೆ ಒಯ್ದೆನೋ. ಆಯಿಯ ಹತ್ತಿರ ಕೂತು, ಮಾವನಿಗೆ ಮೊದಲು ಏನಾಯಿತು, ಯಾವಾಗ ಎಂದು ಕೇಳಿದೆ. ಆಯಿಗೆ ಇಸವಿ ತಿಳಿಯುವುದಿಲ್ಲ. "ಹೊಳಿ ಬಂದ ವರ್ಷ" ಎಂದಳು. 2009ರ ನೆರೆ. ಆ ವರ್ಷ ಬೆಳೆಯೆಲ್ಲ ಹೋಗಿ ಮಾವ ಪುಣೆಗೆ ಗುಳೆ ಹೋಗಿದ್ದ, ಕಟ್ಟಡದ ಕೆಲಸಕ್ಕೆ. "ಯುಗಾದಿಗಿ ಬಂದಾಗs ಅವ ಅವನಾಗಿರಲಿಲ್ಲ ತಮ್ಮಾ. ರಾತ್ರಿ ಮಲಗತಿದ್ದಿಲ್ಲ. ಅದs ಕೊಡ ಮೂರು ಸಲ ತೊಳೀತಿದ್ದ. ರೇಡಿಯೋ ಬಂದ್ ಮಾಡಿದ್ರೂ ಯಾರೋ ಮಾತಾಡ್ತಾರ ಅಂತಿದ್ದ. ಆಮ್ಯಾಲ ನಿದ್ದಿ ಬರ್ಲಿ ಅಂತ ಮಠದ ಕಡೆ ಹೋಗಾಕ ಹತ್ತಿದ." ಅಂದರೆ ಚಿಲುಮೆ ಆಮೇಲಿನದು. ನಾನು ಬರೆದುಕೊಳ್ಳುತ್ತಿದ್ದಾಗ ಒಳಗಿನಿಂದ ಅವ್ವ ಅಂದಳು, "ಆಕಿಗಿ ಮಗನ ಮ್ಯಾಲಿನ ಮಮಕಾರ. ಲಗ್ನಕ್ಕಿಂತ ಮೊದಲs ಸೇದತಿದ್ದ, ಹದಿನಾರು ವರ್ಷದಾಂವ ಇದ್ದಾಗಿಂದ. ನಾ ನೋಡೀನಿ." ಅಕ್ಕನಿಗೆ ಗೊತ್ತಿದ್ದದ್ದು ತಾಯಿಗೆ ಗೊತ್ತಿರಲಿಲ್ಲವೋ, ಗೊತ್ತಿಲ್ಲದ ಹಾಗೆ ಇದ್ದಳೋ.

ಹದಿಹರೆಯದಲ್ಲಿ ಹೆಚ್ಚು ಸೇದಿದವರಿಗೆ ಈ ರೋಗ ಬರುವ ಸಂಭವ ಹೆಚ್ಚು ಎಂದು ಇಂದಿನ ಸಂಶೋಧನೆಗಳು ಹೇಳುತ್ತವೆ. ಹಾಗಾಗಿ ಅವ್ವನ ಸಾಕ್ಷ್ಯವನ್ನು ತಳ್ಳಿಹಾಕಲಾರೆ. ಆಯಿಯದನ್ನೂ ತಳ್ಳಿಹಾಕಲಾರೆ. ಮಾವ 61ರಲ್ಲಿ ಒಬ್ಬನಲ್ಲ, ಅಷ್ಟು ಹೇಳಬಲ್ಲೆ. 37ರವನೋ 124ರವನೋ ತಿಳಿಯದು. ಗಾಂಜಾ ಔಷಧಿಯೆಂದು ಜೈಕಾರ ಹಾಕುವ ಗೆಳೆಯರ ಜೊತೆಗೂ ವಿಷವೆಂದು ಟಿವಿಯಲ್ಲಿ ಕಿರುಚುವವರ ಜೊತೆಗೂ ನನಗೆ ಮಾತು ಮುಂದುವರಿಯದಿರುವುದು ಇದಕ್ಕೇ.

ಕಾಲಂ ತುಂಬುವ ಈ ಅಭ್ಯಾಸಕ್ಕೆ ಒಂದು ಅಂತರರಾಷ್ಟ್ರೀಯ ಚರಿತ್ರೆಯೂ ಉಂಟು. ಆಯೋಗದ ವರದಿ ಬಂದ ಮೂವತ್ತು ವರ್ಷಕ್ಕೆ, ಜಿನೀವಾದಲ್ಲಿ ನಡೆದ ಅಫೀಮು ಸಮ್ಮೇಳನದಲ್ಲಿ ಈಜಿಪ್ಟಿನ ಪ್ರತಿನಿಧಿ ಎದ್ದು ನಿಂತು, ತಮ್ಮ ದೇಶದ ಹುಚ್ಚಿನ ಪ್ರಕರಣಗಳಲ್ಲಿ ನೂರಕ್ಕೆ 30ರಿಂದ 60ರಷ್ಟು ಹಶೀಶಿನಿಂದ ಆದವು ಎಂದರು. 1892ರ ನಮ್ಮ ಲೆಕ್ಕವನ್ನು ಜರಡಿ ಹಿಡಿದ ಹಾಗೆ ಅದನ್ನು ಅಲ್ಲಿ ಯಾರೂ ಜರಡಿ ಹಿಡಿಯಲಿಲ್ಲ. 1925ರ ಒಪ್ಪಂದದಲ್ಲಿ 'ಇಂಡಿಯನ್ ಹೆಂಪ್' ಸೇರಿತು. 1961ರ ಒಪ್ಪಂದ ಇನ್ನೂ ಬಿಗಿ. ಭಾರತ ಅಲ್ಲಿ ಒಂದಿಷ್ಟು ಹಟ ಹಿಡಿಯಿತು. ಹೂವಿಲ್ಲದ ಬರೀ ಎಲೆ ಕಾನೂನಿನ ವ್ಯಾಖ್ಯೆಯಿಂದ ಹೊರಗುಳಿಯಿತು, ಉಳಿದದ್ದನ್ನು ನಿಲ್ಲಿಸಲು 25 ವರ್ಷದ ಗಡುವು ಸಿಕ್ಕಿತು. 1985ರ ಎನ್‌ಡಿಪಿಎಸ್ ಕಾಯ್ದೆ ಹುಟ್ಟಿದ್ದು ಆ ಗಡುವಿನ ನೆರಳಿನಲ್ಲಿ. ಆದ್ದರಿಂದಲೇ ಉತ್ತರದ ಕೆಲವು ಊರುಗಳಲ್ಲಿ ಸರ್ಕಾರದ ಲೈಸೆನ್ಸಿನ ಭಾಂಗ್ ಅಂಗಡಿಯಿದೆ, ಅದೇ ಗಿಡದ ಹೂತೆನೆ ಜೇಬಿನಲ್ಲಿದ್ದರೆ ಜೈಲು. 1964ರಲ್ಲಿ ಇಸ್ರೇಲಿನ ರಾಫಾಯೆಲ್ ಮೆಶೂಲಮ್ ಮತ್ತು ಜೊತೆಗಾರರು ನಶೆಯ ಮೂಲವಾದ ಟಿಎಚ್‌ಸಿಯನ್ನು ಬೇರ್ಪಡಿಸಿದರು. 1992ರಲ್ಲಿ ಅದೇ ಕೆಲಸ ಮಾಡುವ ಒಂದು ಅಂಶ ನಮ್ಮ ಮಿದುಳಿನಲ್ಲೇ ತಯಾರಾಗುತ್ತದೆ ಎಂದು ಕಂಡುಹಿಡಿದು ಅದಕ್ಕೆ ಸಂಸ್ಕೃತದ 'ಆನಂದ'ದಿಂದ ಆನಂದಮೈಡ್ ಎಂದು ಹೆಸರಿಟ್ಟರು. ಇದನ್ನು ಸೆಮಿನಾರಿನಲ್ಲಿ ಹೇಳಿದರೆ ಚಪ್ಪಾಳೆ ಬೀಳುತ್ತದೆ. ನನಗೆ ಆ ಹೊತ್ತಿಗೆ ವಾಡಿಯ ಪ್ಲಾಟ್‌ಫಾರಂ ನೆನಪಾಗುತ್ತದೆ.

ಯುಗಾದಿಯ ಮರುದಿನ ಮಧ್ಯಾಹ್ನ ಹೊಲದ ಬದುವಿನ ಮೇಲೆ ನಾನೂ ಮಾವನೂ ಬುತ್ತಿ ಬಿಚ್ಚಿಕೊಂಡು ಕೂತಿದ್ದೆವು. ಅವನೀಗ ಸುಮಾರಾಗಿದ್ದಾನೆ. ಗುಳಿಗೆಯಿಂದ ಮೈ ಬಂದಿದೆ, ಕೈ ಸ್ವಲ್ಪ ನಡುಗುತ್ತದೆ. ಕುರಿ ನೋಡಿಕೊಳ್ಳುತ್ತಾನೆ. ಕಟಿ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ಹೇಳಿಬಿಡಬೇಕು ಅನಿಸಿತು.

"ಮಾವ, ಅವತ್ತು ಆಸ್ಪತ್ರ್ಯಾಗ ಗಾಂಜಾ ಸೇದ್ತಾನ ಅಂತ ಹೇಳಿದಾಂವ ನಾನs."

"ಹೂಂ. ನಾ ಅಲ್ಲೇ ಇದ್ನೆಲ್ಲ."

"ಕೇಳಿಸಿತ್ತೇನು ನಿನಗ?"

"ಕಿವಿ ಚಲೋ ಇದ್ವು. ಹೆಚ್ಚs ಚಲೋ ಇದ್ವು," ಎಂದು ನಕ್ಕ. ಈ ರೋಗದ ಬಗ್ಗೆ ಅವನು ಜೋಕು ಮಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಮತ್ತ ನೀ ಯಾಕ ಏನೂ ಹೇಳಲಿಲ್ಲ?"

"ನನ್ನ ಯಾರ್ ಕೇಳಿದ್ರೋ ತಮ್ಮಾ? ನಿನ್ನ ಕೇಳಿದ್ರು, ನೀ ಹೇಳಿದಿ."

1,193 ಸಾಕ್ಷಿಗಳ ಮಾತನ್ನು ನಾಲ್ಕು ವರ್ಷದಿಂದ ಓದುತ್ತಿರುವವನು ನಾನು. ಬಹುಪಾಲು ಅಧಿಕಾರಿಗಳು, ವೈದ್ಯರು, ಪಾದ್ರಿಗಳು, ಊರಿನ ದೊಡ್ಡ ಮನುಷ್ಯರು. ರೊಟ್ಟಿಯ ಚೂರನ್ನು ಕೈಯಲ್ಲೇ ಹಿಡಿದುಕೊಂಡು, "ಪುಣ್ಯಾದಾಗ ಏನಾಗಿತ್ತು ಮಾವ?" ಎಂದೆ.

ಅವನು ಬಹಳ ಹೊತ್ತು ಕುರಿಗಳ ಕಡೆ ನೋಡಿದ. ಆಮೇಲೆ ಹೇಳತೊಡಗಿದ. ಎಂಟನೆಯ ಮಾಳಿಗೆ, ರಾತ್ರಿ ಪಾಳಿಯ ಸ್ಲ್ಯಾಬು, ಶಹಾಪುರದ ಕಡೆಯ ಒಬ್ಬ ಹುಡುಗ, ಇಬ್ಬರೂ ಒಂದೇ ತಗಡಿನ ಶೆಡ್ಡಿನಲ್ಲಿ ಮಲಗುತ್ತಿದ್ದದ್ದು, ಒಂದು ರಾತ್ರಿ ಆ ಹುಡುಗ ಕೆಳಗೆ ಬಿದ್ದದ್ದು, ಬೆಳಿಗ್ಗೆ ಮುಕಾದಮನು ಅವನ ಹೆಸರಿನವರು ಯಾರೂ ಇಲ್ಲಿ ಕೆಲಸಕ್ಕೆ ಇರಲಿಲ್ಲ ಎಂದು ಎಲ್ಲರ ಕೈಯಲ್ಲೂ ಹೇಳಿಸಿದ್ದು. ಮಾವನ ಕೈಯಲ್ಲೂ. "ಆ ಹುಡುಗನs ಮೊದಲ ಮಾತಾಡಾಕ ಹತ್ತಿದ್ದು," ಎಂದ, ಬಹಳ ಸಹಜವಾಗಿ, ಪಕ್ಕದ ಹೊಲದವರ ಸುದ್ದಿ ಹೇಳಿದ ಹಾಗೆ.

ನೋಟ್‌ಬುಕ್ ಬ್ಯಾಗಿನಲ್ಲಿತ್ತು, ತೆಗೆಯಲಿಲ್ಲ. ಮಾವ ಮಾತು ನಿಲ್ಲಿಸಿ ಬುತ್ತಿಯ ಕಡೆ ಕೈ ಚಾಚಿದ. "ಪುಂಡಿಪಲ್ಯ ಇನ್ನೀಟು ಹಾಕು" ಎಂದ. ಹಾಕಿದೆ.